ಪಾಚಿ ಹಿಡಿದ ಲೋಹ ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನ ಪೀಣ್ಯದಲ್ಲಿರುವಂಥ ಸಣ್ಣ ಪ್ಲೇಟಿಂಗ್ ಘಟಕಗಳಲ್ಲಿ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಕಬ್ಬಿಣದ ಬಿಡಿಭಾಗಗಳನ್ನು ಕೊಕ್ಕೆಗೆ ಸಿಕ್ಕಿಸಿ ಮೊದಲು ಜಿಡ್ಡು ತೆಗೆಯುವ ತೊಟ್ಟಿಗೆ, ಆಮೇಲೆ ಆಸಿಡ್ ತೊಟ್ಟಿಗೆ, ಕೊನೆಗೆ ನಿಕ್ಕಲ್, ಸತು ಅಥವಾ ಕ್ರೋಮಿಯಂ ದ್ರಾವಣಕ್ಕೆ ಅದ್ದುತ್ತಾರೆ. ಪ್ರತಿ ತೊಟ್ಟಿಯಿಂದ ಎತ್ತಿದ ಮೇಲೂ ನೀರಿನಲ್ಲಿ ತೊಳೆಯಲೇಬೇಕು. ಬಿಡಿಭಾಗದ ಮೈಗೆ ಅಂಟಿಕೊಂಡು ಬಂದ ದ್ರಾವಣ ಆ ನೀರಿಗೆ ಇಳಿಯುತ್ತದೆ. ಹಸಿರು ನಿಕ್ಕಲ್ ದ್ರಾವಣ ದುಬಾರಿ ಮಾಲು, ಅದನ್ನು ಯಾರೂ ಚರಂಡಿಗೆ ಚೆಲ್ಲುವುದಿಲ್ಲ. ಚೆಲ್ಲುವುದು ತೊಳೆದ ನೀರನ್ನು. ಅದರಲ್ಲಿ ಲೀಟರಿಗೆ ಕೆಲವು ಹತ್ತು ಮಿಲಿಗ್ರಾಂ ಲೋಹ ಇರಬಹುದು. ಕಣ್ಣಿಗೆ ಅದು ತಿಳಿನೀರೇ.

ಭಾರಲೋಹಗಳ ಚರ್ಚೆ ಶುರುವಾಗಬೇಕಾದದ್ದು ಈ ತಿಳಿನೀರಿನಿಂದ. ಪರಿಸರ (ಸಂರಕ್ಷಣೆ) ನಿಯಮಗಳ ಪ್ರಕಾರ ಕೆರೆ, ಹೊಳೆಗಳಿಗೆ ಬಿಡುವ ಕೈಗಾರಿಕಾ ನೀರಿನಲ್ಲಿ ಲೀಟರಿಗೆ ನಿಕ್ಕಲ್ 3 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ, ಹೆಕ್ಸಾವೇಲೆಂಟ್ ಕ್ರೋಮಿಯಂ 0.1, ಸೀಸ 0.1, ಪಾದರಸ 0.01 ಮಿಲಿಗ್ರಾಂ ಮೀರಬಾರದು. ಈ ಮಿತಿಗೆ ಬರಲು ಈಗ ಎಲ್ಲರೂ ಹಿಡಿದಿರುವುದು ಸುಣ್ಣದ ದಾರಿ. ನೀರಿಗೆ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಏರಿಸಿದರೆ ಲೋಹ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಅಗ್ಗದ, ಹಳೆಯ, ನಂಬಿಕಸ್ಥ ವಿಧಾನ. ಆದರೆ ಒಂದೊಂದು ಲೋಹ ಒಂದೊಂದು ಪಿಎಚ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಕ್ರೋಮಿಯಂಗೆ ಎಂಟೂವರೆಯ ಆಸುಪಾಸು ಸಾಕು, ನಿಕ್ಕಲ್‌ಗೆ ಹತ್ತು ದಾಟಬೇಕು. ಎಲ್ಲ ತೊಟ್ಟಿಗಳ ನೀರೂ ಒಂದೇ ಗುಂಡಿಗೆ ಬಂದು ಬೆರೆತರೆ ಯಾವುದಾದರೊಂದು ಲೋಹ ನೀರಿನಲ್ಲೇ ಉಳಿಯುತ್ತದೆ. ಕೂತದ್ದು ಕೆಸರಾಗುತ್ತದೆ. ಆ ಕೆಸರು ಅಪಾಯಕಾರಿ ತ್ಯಾಜ್ಯ. ಬೆಂಗಳೂರಿನ ಘಟಕಗಳಾದರೆ ಅದನ್ನು ದಾಬಸ್‌ಪೇಟೆಯ ವಿಲೇವಾರಿ ತಾಣಕ್ಕೆ ಕಳಿಸಿ, ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟು, ಶಾಶ್ವತವಾಗಿ ಹೂಳಬೇಕು. ದುಡ್ಡು ಕೊಟ್ಟು ಕೊಂಡ ನಿಕ್ಕಲ್ಲನ್ನು ಮತ್ತೆ ದುಡ್ಡು ಕೊಟ್ಟು ಹೂಳುವ ವ್ಯವಸ್ಥೆ ಇದು.

ಪಾಚಿಯ ಮಾತು ಬರುವುದು ಇಲ್ಲಿಗೆ. ಅಲ್ಪ ಪ್ರಮಾಣದಲ್ಲಿ ಕರಗಿದ ಲೋಹವನ್ನು ಸುಣ್ಣಕ್ಕಿಂತ ಚೆನ್ನಾಗಿ ಹಿಡಿಯುವ ಶಕ್ತಿ ಪಾಚಿಗಿದೆ ಎಂಬುದರಲ್ಲಿ ಈಗ ಅನುಮಾನವಿಲ್ಲ. ನಲವತ್ತು ವರ್ಷಗಳ ಸಂಶೋಧನೆ ಅದನ್ನು ಮತ್ತೆಮತ್ತೆ ತೋರಿಸಿದೆ. ಹಿಡಿದ ಮೇಲೆ ಏನು ಎಂಬ ಪ್ರಶ್ನೆಗೆ ಮಾತ್ರ ಆ ಪ್ರಬಂಧಗಳ ರಾಶಿಯಲ್ಲಿ ಉತ್ತರ ಕಡಿಮೆ. ಕೊಳಚೆಯ ಸಾವಯವ ಕಲ್ಮಶವನ್ನು ಸೂಕ್ಷ್ಮಜೀವಿಗಳು ತಿಂದು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತವೆ, ಅಲ್ಲಿಗೆ ಅದರ ಕಥೆ ಮುಗಿಯುತ್ತದೆ. ಸೀಸವನ್ನೋ ಕ್ಯಾಡ್ಮಿಯಂ ಅನ್ನೋ ಯಾವ ಜೀವಿಯೂ ತಿಂದು ಮುಗಿಸಲಾರದು. ಅದು ಜಾಗ ಬದಲಿಸುತ್ತದೆ, ಅಷ್ಟೆ. ಹಾಗಾಗಿ ಪಾಚಿ ಎಷ್ಟು ಲೋಹ ಹೀರಿತು ಎನ್ನುವುದಕ್ಕಿಂತ, ಹೀರಿದ್ದನ್ನು ಪಾಚಿಯಿಂದ ಬಿಡಿಸಿ ಎಲ್ಲಿಗೆ ಸೇರಿಸಿದಿರಿ ಎಂದು ಕೇಳಿಯೇ ಈ ತಂತ್ರವನ್ನು ಅಳೆಯಬೇಕೆಂದು ನಾನು ನಂಬಿದ್ದೇನೆ.

ಮೊದಲು ಹಿಡಿಯುವ ಬಗೆ ನೋಡೋಣ. ಈ ಕೆಲಸದಲ್ಲಿ ಹೆಚ್ಚು ಹೆಸರು ಮಾಡಿದ್ದು ಕಂದು ಕಡಲಪಾಚಿ: ನಮ್ಮ ಕಡೆ ಸಿಗುವ ಸರ್ಗಾಸಮ್, ಟರ್ಬಿನೇರಿಯ, ಉತ್ತರ ಅಟ್ಲಾಂಟಿಕ್‌ನ ಆಸ್ಕೊಫಿಲಮ್, ಲ್ಯಾಮಿನೇರಿಯ, ಕೊರಿಯ-ಜಪಾನಿನ ಎಕ್ಲೋನಿಯ. ಇವುಗಳ ಕೋಶಭಿತ್ತಿಯಲ್ಲಿ ಆಲ್ಜಿನೇಟ್ ಎಂಬ ಅಂಟಿನಂಥ ಪದಾರ್ಥ ತುಂಬಿಕೊಂಡಿರುತ್ತದೆ. ಸ್ಕಾಟ್ಲೆಂಡಿನಲ್ಲಿ ಕಡಲಪಾಚಿಯ ಮೇಲೆ ಕೆಲಸ ಮಾಡುತ್ತಿದ್ದ ರಸಾಯನತಜ್ಞ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ ಇದನ್ನು 1881ರಲ್ಲಿ ಬೇರ್ಪಡಿಸಿದ. ಇಂದು ಐಸ್‌ಕ್ರೀಮಿನಿಂದ ಹಿಡಿದು ಬಟ್ಟೆಯ ಬಣ್ಣದ ಮುದ್ರಣದವರೆಗೆ ಅದರ ಬಳಕೆಯಿದೆ. ಆಲ್ಜಿನೇಟಿನ ಉದ್ದನೆಯ ಸರಪಳಿಗಳ ಮೈತುಂಬ ಕಾರ್ಬಾಕ್ಸಿಲ್ ಗುಂಪುಗಳಿವೆ. ಸಮುದ್ರದಲ್ಲಿದ್ದಾಗ ಅವನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಹಿಡಿದುಕೊಂಡಿರುತ್ತವೆ. ಎರಡು ಸರಪಳಿಗಳು ಎದುರುಬದುರಾಗಿ ನಿಂತಾಗ ನಡುವೆ ಸಾಲಾಗಿ ಗುಳಿಗಳು ಏರ್ಪಟ್ಟು, ಒಂದೊಂದರಲ್ಲೂ ಒಂದೊಂದು ಕ್ಯಾಲ್ಸಿಯಂ ಅಯಾನು ಕೂರುತ್ತದೆ. 1973ರಲ್ಲಿ ಇದನ್ನು ವಿವರಿಸಿದ ವಿಜ್ಞಾನಿಗಳು ಮೊಟ್ಟೆ ಇಡುವ ಟ್ರೇಗೆ ಹೋಲಿಸಿದರು, ಆ ಹೆಸರೇ ನಿಂತಿತು. ಸೀಸ, ತಾಮ್ರ, ಕ್ಯಾಡ್ಮಿಯಂ ಇರುವ ನೀರು ಹರಿದರೆ ಗುಳಿಯಲ್ಲಿದ್ದ ಕ್ಯಾಲ್ಸಿಯಂ ಹೊರಬಂದು ಭಾರಲೋಹ ಅಲ್ಲಿ ಕೂರುತ್ತದೆ. ಇದು ಅಯಾನು ವಿನಿಮಯ. ಪಾಚಿ ಬದುಕಿರಬೇಕಾಗಿಲ್ಲ. ಒಣಗಿಸಿ, ತುಂಡು ಮಾಡಿ, ಜರಡಿ ಹಿಡಿದ ಸತ್ತ ಪಾಚಿಯೇ ಈ ಕೆಲಸಕ್ಕೆ ಮೇಲು. ಅದಕ್ಕೆ ಊಟ ಬೇಡ, ಬೆಳಕು ಬೇಡ, ವಿಷದ ಭಯವಿಲ್ಲ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ನೆನೆಸಿಟ್ಟ ಸರ್ಗಾಸಮ್ ಚೂರುಗಳನ್ನು ಗಾಜಿನ ಕೊಳವೆಗೆ ತುಂಬಿ, ಮೇಲಿನಿಂದ ಮೈಲುತುತ್ತದ ತೆಳು ನೀಲಿ ನೀರನ್ನು ಹನಿಹನಿಯಾಗಿ ಬಿಟ್ಟರೆ ಕೆಳಗೆ ಬಣ್ಣವಿಲ್ಲದ ನೀರು ಬರುತ್ತದೆ. ಕಂದು ಚೂರುಗಳು ಮೇಲ್ಭಾಗದಿಂದ ಹಸಿರಿಗೆ ತಿರುಗುತ್ತಾ, ಆ ಬಣ್ಣದ ಅಂಚು ನಿಧಾನವಾಗಿ ಕೆಳಗಿಳಿಯುತ್ತದೆ. ಅಂಚು ತಳ ಮುಟ್ಟಿದಾಗ ಕೊಳವೆ ತುಂಬಿತೆಂದು ಅರ್ಥ, ಮುಂದಿನ ಹನಿಯಲ್ಲಿ ತಾಮ್ರ ಇರುತ್ತದೆ. ಆಗ ನೀರು ನಿಲ್ಲಿಸಿ ದುರ್ಬಲ ಆಸಿಡ್ ಬಿಡಬೇಕು. ಪಿಎಚ್ ಎರಡಕ್ಕೆ ಇಳಿದರೆ ಕಾರ್ಬಾಕ್ಸಿಲ್ ಗುಂಪುಗಳನ್ನು ಹೈಡ್ರೋಜನ್ ಅಯಾನು ಆಕ್ರಮಿಸುತ್ತದೆ, ತಾಮ್ರ ಜಾಗ ಬಿಟ್ಟು ಹೊರಡುತ್ತದೆ. ಹೊರಬರುವ ಮೊದಲ ಲೋಟದಷ್ಟು ದ್ರಾವಣ ಗಾಢ ನೀಲಿ. ಬಕೆಟ್‌ಗಟ್ಟಲೆ ನೀರಿನಲ್ಲಿ ಚೆದುರಿದ್ದ ತಾಮ್ರವೆಲ್ಲ ಅಷ್ಟರಲ್ಲಿ ಬಂದು ಕೂತಿರುತ್ತದೆ. ಈ ತಂತ್ರದ ಜೀವಾಳ ಆ ಗಾಢ ನೀಲಿ.

ಒಂದು ಲೆಕ್ಕ ಹಾಕೋಣ. ದಿನಕ್ಕೆ 5,000 ಲೀಟರ್ ತೊಳೆದ ನೀರು ಬಿಡುವ ಘಟಕದಲ್ಲಿ ಲೀಟರಿಗೆ 20 ಮಿಲಿಗ್ರಾಂ ನಿಕ್ಕಲ್ ಇದೆ ಎಂದು ಇಟ್ಟುಕೊಳ್ಳಿ. ದಿನಕ್ಕೆ ನೂರು ಗ್ರಾಂ ನಿಕ್ಕಲ್ ಆಯಿತು. ಗ್ರಾಂ ಪಾಚಿಗೆ ಮೂವತ್ತು ಮಿಲಿಗ್ರಾಂ ಹಿಡಿಯುತ್ತದೆಂದು ಎಚ್ಚರದಿಂದ ಎಣಿಸಿದರೂ ಮೂರೂ ಚಿಲ್ಲರೆ ಕಿಲೋ ಒಣ ಪಾಚಿ ಒಂದು ದಿನಕ್ಕೆ ಸಾಕು. ಅದನ್ನು ಮೂವತ್ತು ಲೀಟರ್ ಗಂಧಕಾಮ್ಲದ ತೆಳು ದ್ರಾವಣದಲ್ಲಿ ತೊಳೆದರೆ ಲೀಟರಿಗೆ ಮೂರು ಗ್ರಾಂ ದಾಟಿದ ನಿಕ್ಕಲ್ ಸಲ್ಫೇಟ್ ದ್ರಾವಣ ಸಿಗುತ್ತದೆ. ಪ್ಲೇಟಿಂಗ್ ತೊಟ್ಟಿಯಲ್ಲಿರುವುದು ಲೀಟರಿಗೆ ಅರವತ್ತು, ಎಂಬತ್ತು ಗ್ರಾಂ. ಹಾಗಾಗಿ ನೇರವಾಗಿ ತೊಟ್ಟಿಗೆ ಸುರಿಯಲಾಗದು. ಆದರೆ ವಿದ್ಯುತ್ ಹಾಯಿಸಿ ಲೋಹವಾಗಿ ಹೊರತೆಗೆಯಲು, ಇಲ್ಲವೇ ಇಂಗಿಸಿ ಬಳಸಲು ಈ ಪ್ರಮಾಣ ಸಾಕಷ್ಟಿದೆ. ಐದು ಸಾವಿರ ಲೀಟರಿನಲ್ಲಿದ್ದದ್ದು ಮೂವತ್ತು ಲೀಟರಿಗೆ ಬಂತು, ಸುಣ್ಣದ ಕೆಸರು ಉಳಿಯಲಿಲ್ಲ.

ಇಷ್ಟು ಸರಳವಾಗಿದ್ದರೆ ಎಲ್ಲ ಕೈಗಾರಿಕಾ ವಸಾಹತುಗಳಲ್ಲೂ ಪಾಚಿಯ ಕೊಳವೆಗಳು ಇರಬೇಕಿತ್ತಲ್ಲ? ಇಲ್ಲ. ಯಾಕೆ ಇಲ್ಲ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1980ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬೋಹುಮಿಲ್ ವೊಲೆಸ್ಕಿ ಮತ್ತು ಅವರ ಸಂಗಡಿಗರು ಕಂದು ಪಾಚಿಗಳನ್ನು ಒಂದೊಂದಾಗಿ ಪರೀಕ್ಷಿಸಲು ಕೂತರು. ಜೀವದ್ರವ್ಯದ ಮೇಲ್ಮೈಗೆ ಲೋಹ ಅಂಟುವ ಈ ಕ್ರಿಯೆಗೆ ಬಯೋಸಾರ್ಪ್ಶನ್ ಎಂಬ ಹೆಸರು ಗಟ್ಟಿಯಾಗಿ ನೆಲೆಗೊಂಡದ್ದರಲ್ಲಿ ಅವರ ಪಾಲು ದೊಡ್ಡದು. 1993ರಲ್ಲಿ ಅವರ ತಂಡ ಆಸ್ಕೊಫಿಲಮ್ ಒಂದು ಗ್ರಾಂಗೆ 200 ಮಿಲಿಗ್ರಾಂಗೂ ಮೀರಿ ಕ್ಯಾಡ್ಮಿಯಂ ಹಿಡಿಯಬಲ್ಲದು ಎಂದು ತೋರಿಸಿತು. ಮಾರುಕಟ್ಟೆಯಲ್ಲಿ ಸಿಗುವ ಅಯಾನು ವಿನಿಮಯ ರಾಳಗಳಿಗೆ ಸರಿಗಟ್ಟುವ ಅಂಕಿ ಇದು. ಅದಕ್ಕೂ ಮೊದಲೇ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡೆನ್ನಿಸ್ ಡಾರ್ನಾಲ್ ಮತ್ತು ಜೊತೆಗಾರರು ಕ್ಲೋರೆಲ್ಲ ಎಂಬ ಸಿಹಿನೀರಿನ ಏಕಕೋಶ ಪಾಚಿಯನ್ನು ಸಿಲಿಕಾ ಜೆಲ್ಲಿನಲ್ಲಿ ಹುದುಗಿಸಿ 'ಆಲ್ಗಾಸಾರ್ಬ್' ಎಂಬ ಹರಳು ಮಾಡಿದರು. 1989ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಪಾದರಸದಿಂದ ಕೆಟ್ಟ ಅಂತರ್ಜಲದ ಮೇಲೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕಾರ್ಯಕ್ರಮದಡಿ ಅದರ ಪರೀಕ್ಷೆ ನಡೆಯಿತು. ಮಾಂಟ್ರಿಯಲ್‌ನಲ್ಲೂ ಒಂದು ಕಂಪನಿ ಹುಟ್ಟಿತು. ಅಮೆರಿಕದ ಗಣಿ ಬ್ಯೂರೊ ಪ್ಲಾಸ್ಟಿಕ್ ಮಣಿಗಳೊಳಗೆ ಪಾಚಿ, ಹಾವಸೆಗಳನ್ನು ಸೇರಿಸಿ ಗಣಿಯ ಆಮ್ಲನೀರಿನ ಮೇಲೆ ಪ್ರಯೋಗಿಸಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇವುಗಳಲ್ಲಿ ಯಾವುದೂ ಉದ್ಯಮವಾಗಿ ಬೇರೂರಲಿಲ್ಲ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಜೆಫ್ರಿ ಗ್ಯಾಡ್ 2009ರಲ್ಲಿ ಬರೆದ ವಿಮರ್ಶೆಯಲ್ಲಿ ಇಡೀ ಕ್ಷೇತ್ರವನ್ನು ನಿಷ್ಠುರವಾಗಿ ಪ್ರಶ್ನಿಸಿದರು: ಪ್ರಬಂಧಗಳು ವರ್ಷವರ್ಷ ಏರುತ್ತಿವೆ, ಕಾರ್ಖಾನೆಯಲ್ಲಿ ಬಳಕೆ ಮಾತ್ರ ಕಾಣುತ್ತಿಲ್ಲ; ಹೊಸಹೊಸ ಎಲೆ, ಸಿಪ್ಪೆ, ಪಾಚಿಗಳನ್ನು ತಂದು ಅದೇ ಪ್ರಯೋಗ ಮತ್ತೆ ಮಾಡುವುದರಿಂದ ಏನು ಬಂತು? ಈ ಟೀಕೆ ನ್ಯಾಯವಾದದ್ದು. ನಮ್ಮ ವಿಶ್ವವಿದ್ಯಾಲಯಗಳಲ್ಲಂತೂ ಇದು ಪಿಎಚ್.ಡಿ.ಗೆ ಸಿದ್ಧ ಅಚ್ಚಾಗಿಬಿಟ್ಟಿದೆ. ಬಟ್ಟಿ ಇಳಿಸಿದ ನೀರಿಗೆ ಒಂದೇ ಒಂದು ಲೋಹದ ಲವಣ ಹಾಕು, ಪಾಚಿ ಪುಡಿ ಹಾಕಿ ಅಲ್ಲಾಡಿಸು, ಪಿಎಚ್, ಸಮಯ, ಉಷ್ಣತೆ ಬದಲಿಸು, ಲ್ಯಾಂಗ್‌ಮ್ಯೂರ್ ಸಮೀಕರಣಕ್ಕೆ ಅಂಕಿಗಳನ್ನು ಕೂರಿಸು, ಶೇಕಡಾ ತೊಂಬತ್ತೈದು ತೆಗೆಯಿತು ಎಂದು ಬರೆ. ಬಟ್ಟಿ ಇಳಿಸಿದ ನೀರು ಯಾವ ಕಾರ್ಖಾನೆಯಿಂದಲೂ ಹೊರಬರುವುದಿಲ್ಲ.

ನಿಜವಾದ ನೀರು ತರುವ ತೊಡಕುಗಳು ಬೇರೆಯೇ. ಮೊದಲನೆಯದು ಗಡಸುತನ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೀಟರಿಗೆ ನೂರಾರು ಮಿಲಿಗ್ರಾಂ ಇರುವುದುಂಟು. ಸೀಸ, ತಾಮ್ರಗಳಿಗೆ ಕಾರ್ಬಾಕ್ಸಿಲ್ ಗುಂಪಿನ ಮೇಲೆ ಪ್ರೀತಿ ಹೆಚ್ಚು, ಅವು ಕ್ಯಾಲ್ಸಿಯಂ ಅನ್ನು ತಳ್ಳಿ ಜಾಗ ಮಾಡಿಕೊಳ್ಳುತ್ತವೆ. ನಿಕ್ಕಲ್, ಸತುಗಳಿಗೆ ಅಷ್ಟು ಬಲವಿಲ್ಲ. ಹೀಗಾಗಿ ಪ್ರಬಂಧದ ಅಂಕಿ ಅರ್ಧಕ್ಕೋ ಕಾಲುಭಾಗಕ್ಕೋ ಇಳಿದರೆ ಅಚ್ಚರಿಯಿಲ್ಲ. ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಪಾಚಿ ನೀರಿನಲ್ಲಿ ನೆನೆದಾಗ ತನ್ನದೇ ಸಾವಯವ ಪದಾರ್ಥವನ್ನು ಬಿಡುತ್ತದೆ, ನೀರಿಗೆ ಚಹಾದ ಬಣ್ಣ ಬರುತ್ತದೆ. ಲೋಹದ ಮಿತಿಗೆ ಬರಲು ಹೋಗಿ ಸಿಒಡಿಯ (ಸಾವಯವ ಪದಾರ್ಥದ ಉತ್ಕರ್ಷಣಕ್ಕೆ ಬೇಕಾದ ಆಮ್ಲಜನಕದ ಅಳತೆ) ಮಿತಿ, ಅಂದರೆ ಲೀಟರಿಗೆ 250 ಮಿಲಿಗ್ರಾಂ, ಕೈತಪ್ಪಿ ಹೋಗಬಹುದು. ಕ್ಯಾಲ್ಸಿಯಂ ಅಥವಾ ಫಾರ್ಮಾಲ್ಡಿಹೈಡ್ ಹಾಕಿ ಪಾಚಿಯನ್ನು ಬಿಗಿಗೊಳಿಸುವುದುಂಟು. ಕ್ಯಾಲ್ಸಿಯಂ ತುಂಬಿದ ಪಾಚಿಗೆ ಗಂಧಕಾಮ್ಲ ಬಿಟ್ಟರೆ ಕೊಳವೆಯೊಳಗೇ ಜಿಪ್ಸಮ್ ಕಟ್ಟಿಕೊಳ್ಳುವ ಅಪಾಯವಿದೆ. ಇನ್ನೊಂದು ತಕರಾರು ಮಾಲಿನದು. ರಾಳ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಈ ವರ್ಷದ ಚೀಲಕ್ಕೂ ಮುಂದಿನ ವರ್ಷದ ಚೀಲಕ್ಕೂ ವ್ಯತ್ಯಾಸವಿಲ್ಲ. ಪಾಚಿ ಋತುವಿಗೊಂದು ಥರ, ಕರಾವಳಿಗೊಂದು ಥರ. ಕಾರ್ಖಾನೆಯ ಎಂಜಿನಿಯರ್ ಇಂಥ ಮಾಲನ್ನು ನಂಬಿ ಸಹಿ ಹಾಕಲು ಹಿಂಜರಿದರೆ ಅದು ಅವನ ತಪ್ಪಲ್ಲ.

ಪೀಣ್ಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರೋಮಿಯಂ ಪ್ರಶ್ನೆ. ಅಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ದಾಖಲಾದ ಸಂಗತಿ. ಅದು ಕ್ಯಾನ್ಸರ್ ತರುವ ರೂಪ. ನೀರಿನಲ್ಲಿ ಅದು ಕ್ರೋಮೇಟ್ ಆಗಿ, ಋಣ ವಿದ್ಯುದಂಶ ಹೊತ್ತು ಓಡಾಡುತ್ತದೆ. ಪಾಚಿಯ ಮೈಯೂ ಋಣ. ಸಾಮಾನ್ಯ ಪಿಎಚ್‌ನಲ್ಲಿ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಪಿಎಚ್ ಎರಡರ ಹತ್ತಿರ ಇಳಿಸಿದರೆ ಮಾತ್ರ ಪಾಚಿ ಕೆಲಸ ಮಾಡುತ್ತದೆ. ಆಗ ನಡೆಯುವುದೂ ಬರೀ ಅಂಟುವಿಕೆಯಲ್ಲ ಎಂದು ದಕ್ಷಿಣ ಕೊರಿಯದ ಪೋಹಾಂಗ್‌ನ ಸಂಶೋಧಕರು ಎಕ್ಲೋನಿಯ ಪಾಚಿಯ ಮೇಲೆ ಕೆಲಸ ಮಾಡಿ 2004ರ ಸುಮಾರಿಗೆ ಸ್ಪಷ್ಟಪಡಿಸಿದರು. ಪಾಚಿಯ ಸಾವಯವ ಪದಾರ್ಥ ತಾನು ಉತ್ಕರ್ಷಣಗೊಂಡು ಕ್ರೋಮಿಯಂ ಅನ್ನು ಆರರ (ಹೆಕ್ಸಾವೇಲೆಂಟ್) ರೂಪದಿಂದ ಮೂರರ ರೂಪಕ್ಕೆ ಇಳಿಸುತ್ತದೆ, ಅಂದರೆ ಪಾಚಿ ಇಲ್ಲಿ ಜಾಲರಿಗಿಂತ ಹೆಚ್ಚಾಗಿ ಖರ್ಚಾಗಿ ಹೋಗುವ ರಾಸಾಯನಿಕ. ಅದಕ್ಕೂ ಮೊದಲು 'ಇಷ್ಟು ಮಿಲಿಗ್ರಾಂ ಕ್ರೋಮೇಟ್ ಹೀರಿತು' ಎಂದು ಅಚ್ಚಾದ ಎಷ್ಟೋ ಪ್ರಬಂಧಗಳನ್ನು ಮತ್ತೆ ಓದಬೇಕಾಯಿತು. ಸೋಡಿಯಂ ಮೆಟಾಬೈಸಲ್ಫೈಟ್ ಇದೇ ಕೆಲಸವನ್ನು ನಿಮಿಷಗಳಲ್ಲಿ, ಅಗ್ಗವಾಗಿ ಮಾಡುತ್ತದೆ. ಕ್ರೋಮ್ ತೊಟ್ಟಿಯ ನೀರಿಗೆ ಪಾಚಿಯನ್ನು ಸಲಹೆ ಮಾಡುವವರನ್ನು ನಾನು ಒಪ್ಪುವುದಿಲ್ಲ.

ಇಷ್ಟು ಸತ್ತ ಪಾಚಿಯ ಮಾತಾಯಿತು. ಬದುಕಿರುವ ಪಾಚಿಯ ದಾರಿ ಬೇರೆ, ಅದರ ಆಕರ್ಷಣೆಯೂ ಅಪಾಯವೂ ಹೆಚ್ಚು. ಬದುಕಿರುವ ಕೋಶ ಲೋಹವನ್ನು ಮೈಗೆ ಅಂಟಿಸಿಕೊಂಡು ಅಷ್ಟಕ್ಕೇ ನಿಲ್ಲದೆ ಒಳಕ್ಕೂ ಎಳೆದುಕೊಳ್ಳುತ್ತದೆ. ಒಳಬಂದ ಕ್ಯಾಡ್ಮಿಯಂ ಅನ್ನು ಗಂಧಕವಿರುವ ಫೈಟೊಕೆಲಾಟಿನ್ ಎಂಬ ಸಣ್ಣ ಪೆಪ್ಟೈಡುಗಳಿಂದ ಕಟ್ಟಿಹಾಕಿ ನಿರುಪದ್ರವಿ ಮಾಡುತ್ತದೆ. ಸಸ್ಯಗಳಲ್ಲಿ ಇದನ್ನು 1985ರಲ್ಲಿ ಕಂಡುಕೊಂಡರು, ಪಾಚಿಯಲ್ಲೂ ಇದೆಯೆಂದು ಬೇಗನೆ ಗೊತ್ತಾಯಿತು. ಕ್ಲೋಸ್ಟೀರಿಯಮ್ ಎಂಬ ಅರ್ಧಚಂದ್ರಾಕಾರದ ಹಸಿರು ಪಾಚಿ ಸ್ಟ್ರಾಂಷಿಯಂ ಅನ್ನು ಬೇರಿಯಂ ಜೊತೆ ಹರಳು ಕಟ್ಟಿ ಕೋಶದ ತುದಿಯಲ್ಲಿ ಇಟ್ಟುಕೊಳ್ಳುತ್ತದೆ. ಪರಮಾಣು ತ್ಯಾಜ್ಯದ ದೃಷ್ಟಿಯಿಂದ ಇದರ ಅಧ್ಯಯನ ನಡೆದಿದೆ. ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಆಸ್ವಾಲ್ಡ್ 1950ರ ದಶಕದಿಂದ ಬೆಳೆಸಿದ ಪಾಚಿ ಕೊಳಗಳಲ್ಲಿ ಇನ್ನೊಂದು ಗುಣವಿದೆ. ಬಿಸಿಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಂತೆ ನೀರಿನ ಪಿಎಚ್ ಒಂಬತ್ತು ದಾಟುತ್ತದೆ, ಸುಣ್ಣ ಹಾಕದೆಯೇ ಲೋಹ ಕೂರುತ್ತದೆ. ಅಮೆರಿಕದ ಮಿಸೌರಿಯ ಸೀಸದ ಗಣಿಗಳಲ್ಲಿ 1970ರ ದಶಕದಲ್ಲಿ ನೀರನ್ನು ಅಂಕುಡೊಂಕಾದ ಆಳವಿಲ್ಲದ ಕಾಲುವೆಗಳಲ್ಲಿ ಹರಿಸಿ, ಅಲ್ಲಿ ಬೆಳೆದ ಎಳೆ ಪಾಚಿಗಳ ಮೂಲಕ ಸೀಸ, ಸತುಗಳನ್ನು ಹಿಡಿದರು. ಗಣಿಯಂಥ, ಜಾಗ ಧಾರಾಳವಾಗಿರುವ ಕಡೆ ಇದು ಒಳ್ಳೆಯ ಉಪಾಯ.

ಇದನ್ನು ನೋಡಿ ನಮ್ಮ ಕೆರೆಗಳ ಪಾಚಿಯೇ ಕೈಗಾರಿಕೆಯ ಲೋಹವನ್ನು ನುಂಗಿ ಉಪಕಾರ ಮಾಡುತ್ತಿದೆಯಲ್ಲ ಎಂದು ಹೇಳುವವರಿದ್ದಾರೆ. ಈ ಮಾತು ನನಗೆ ಗಾಬರಿ ತರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ, ವೃಷಭಾವತಿ ನದಿ ಹೋಗಿ ಸೇರುವ ಬಿಡದಿ ಬಳಿಯ ಬೈರಮಂಗಲ ಕೆರೆಯಲ್ಲಿ ಪಾಚಿ ಲೋಹ ಹಿಡಿಯುವುದು ನಿಜ. ಆದರೆ ಅಲ್ಲಿ ಅದನ್ನು ಕೊಯ್ದು ತೆಗೆಯುವವರು ಯಾರು? ಪಾಚಿ ಸತ್ತು ತಳಕ್ಕಿಳಿದು ಹೂಳಾಗುತ್ತದೆ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಒಳ್ಳೆಯ, ಹಳೆಯ ರೂಢಿ. ಆ ರೂಢಿಯ ಬೆನ್ನೇರಿ ಲೋಹ ಹೊಲ ಸೇರುತ್ತದೆ. ಬೈರಮಂಗಲದ ನೀರಿನಲ್ಲಿ ಮೇವಿನ ಹುಲ್ಲು ಬೆಳೆಯುತ್ತಾರೆ, ಹುಲ್ಲು ತಿಂದ ಹಸುವಿನ ಹಾಲು ಡೇರಿಗೆ ಹೋಗುತ್ತದೆ. ಇನ್ನು ಕೆರೆಯೊಳಗೇ ಪಾಚಿಯನ್ನು ಸಣ್ಣ ಜಂತುಗಳು, ಅವನ್ನು ಮೀನು ತಿನ್ನುತ್ತವೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಮೊದಲು ವರದಿಯಾದ ರೋಗ ಕಾರ್ಖಾನೆಯ ಪಾದರಸ ಮೀನಿನ ದಾರಿಯಲ್ಲಿ ಮನುಷ್ಯನ ಮಿದುಳಿಗೆ ಬಂದದ್ದರಿಂದ ಹುಟ್ಟಿತು. ಆಹಾರ ಸರಪಳಿಯಲ್ಲಿ ಮೀಥೈಲ್ ಪಾದರಸ ಅತಿ ದೊಡ್ಡ ಜಿಗಿತ ಕಾಣುವುದು ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಹೋಗುವಾಗ ಅಲ್ಲ, ನೀರಿನಿಂದ ತೇಲುವ ಸೂಕ್ಷ್ಮ ಪಾಚಿಗೆ ಬರುವಾಗ. ಒಂದೇ ಹೆಜ್ಜೆಯಲ್ಲಿ ಲಕ್ಷ ಪಟ್ಟು ಸಾಂದ್ರವಾಗುವುದುಂಟು. ಕೊಳವೆಯಲ್ಲಿ ನಾವು ಹೊಗಳುವ ಗುಣವೇ ಕೆರೆಯಲ್ಲಿ ವಿಷವನ್ನು ತಟ್ಟೆಯವರೆಗೆ ತರುತ್ತದೆ.

ಪಾಚಿಯನ್ನು ಬೆಳೆಸುವುದರಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐನಲ್ಲಿ ಎಲ್. ವಿ. ವೆಂಕಟರಾಮನ್ ಮತ್ತು ಜರ್ಮನಿಯ ಇ. ಡಬ್ಲ್ಯು. ಬೆಕರ್ 1970ರ ದಶಕದಿಂದ ಸ್ಪಿರುಲಿನ ಮತ್ತಿತರ ಪಾಚಿಗಳನ್ನು ಆಹಾರಕ್ಕೆಂದು ಬೆಳೆಸುವ ಕೆಲಸ ಮಾಡಿ, 1985ರಲ್ಲಿ ಭಾರತದ ಅನುಭವವನ್ನು ಪುಸ್ತಕವಾಗಿಯೂ ತಂದರು. ಅಲ್ಲಿಂದ ಬಂದ ಪಾಠ ನೇರವಾದದ್ದು: ಪಾಚಿ ಬೆಳೆಸುವುದಕ್ಕಿಂತ ನೀರಿನಿಂದ ಬೇರ್ಪಡಿಸುವುದು ಖರ್ಚಿನ ಬಾಬ್ತು. ಲೀಟರ್ ನೀರಿನಲ್ಲಿ ಸಿಗುವುದು ಅರ್ಧ, ಒಂದು ಗ್ರಾಂ. ತಿನ್ನುವ ಸ್ಪಿರುಲಿನಕ್ಕೆ ಬೆಲೆ ಇರುವುದರಿಂದ ಆ ಖರ್ಚು ತಡೆಯುತ್ತದೆ. ಲೋಹ ಹೀರಿದ ಪಾಚಿಗೆ ಬೆಲೆ ಎಲ್ಲಿಂದ ಬಂದೀತು? ಆಗ ಕೆಲವರು ಗೊಬ್ಬರ ಮಾಡೋಣ, ಮೀನಿನ ಮೇವು ಮಾಡೋಣ, ಬಯೋಡೀಸೆಲ್ ತೆಗೆಯೋಣ ಎನ್ನುತ್ತಾರೆ. ಕೈಗಾರಿಕೆಯ ನೀರಿನಲ್ಲಿ ಬೆಳೆದ ಪಾಚಿ ಗೊಬ್ಬರದ ಚೀಲಕ್ಕೂ ಮೇವಿನ ಚೀಲಕ್ಕೂ ಎಂದೂ ಸೇರಬಾರದು. ಮನೆಬಳಕೆಯ ಕೊಳಚೆಯನ್ನು ಶುದ್ಧಿ ಮಾಡುವ ಪಾಚಿ ಕೊಳಗಳ ವಿಷಯ ಬೇರೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕ, ಜೌಗು, ಪಾಚಿ ಒಟ್ಟಿಗೆ ಸೇರಿ ಸಾರಜನಕ, ರಂಜಕಗಳನ್ನು ಹೇಗೆ ತಗ್ಗಿಸುತ್ತವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ ಅಧ್ಯಯನ ಮಾಡಿದೆ. ಅಂಥ ಕೊಳಕ್ಕೆ ಕಾರ್ಖಾನೆಯ ನೀರು ಸೇರದಂತೆ ಕಾಯ್ದರೆ ಅಲ್ಲಿನ ಪಾಚಿಗೆ ಭವಿಷ್ಯವಿದೆ. ಸೇರಿತೆಂದರೆ ಅದೂ ಅಪಾಯಕಾರಿ ತ್ಯಾಜ್ಯವೇ.

ಹಿಡಿದ ಲೋಹಕ್ಕೆ ಒಂದು ಗತಿ ಕಾಣಿಸಿದ ಕೆಲಸಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯದು. ಚರ್ಮ ಹದ ಮಾಡುವಾಗ ಹಾಕುವ ಕ್ರೋಮಿಯಂನಲ್ಲಿ ಸುಮಾರು ಮೂರನೆಯ ಎರಡು ಭಾಗವನ್ನು ಮಾತ್ರ ಚರ್ಮ ಹಿಡಿಯುತ್ತದೆ, ಉಳಿದದ್ದು ನೀರಿನಲ್ಲಿ ಹೋಗುತ್ತದೆ. ಇದು ಮೂರರ ಕ್ರೋಮಿಯಂ, ಧನ ಅಯಾನು. ಚರ್ಮದ ಕೊಲಾಜೆನ್‌ನಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳಿಗೆ ಅದು ಕಚ್ಚಿಕೊಳ್ಳುವುದರಿಂದಲೇ ಚರ್ಮ ಹದವಾಗುತ್ತದೆ. ಕಡಲಪಾಚಿಯಲ್ಲಿರುವುದೂ ಅದೇ ಗುಂಪು. ಅಲ್ಲಿನ ಸಂಶೋಧಕರು ಮನ್ನಾರ್ ಖಾರಿ ಕಡೆ ಸಿಗುವ ಸರ್ಗಾಸಮ್ ವೈಟಿಯೈ ಎಂಬ ಪಾಚಿಗೆ ಹದದ ನೀರಿನ ಕ್ರೋಮಿಯಂ ಹಿಡಿಸಿದರು. ಹೀಗೆ ಕಚ್ಚಿಕೊಂಡ ಕ್ರೋಮಿಯಂ ದುರ್ಬಲ ಆಸಿಡ್‌ಗೆ ಸುಲಭವಾಗಿ ಬಿಡುವುದಿಲ್ಲ. ಅವರು ಬಿಡಿಸಲು ಹೋಗಲೇ ಇಲ್ಲ. ಹದ ಮಾಡುವ ಬೇಸಿಕ್ ಕ್ರೋಮಿಯಂ ಸಲ್ಫೇಟನ್ನು ತಯಾರಿಸಲು ಡೈಕ್ರೋಮೇಟನ್ನು ಇಳಿಸುವ ಸಾವಯವ ಪದಾರ್ಥ ಬೇಕು, ವಾಡಿಕೆಯಲ್ಲಿ ಕಾಕಂಬಿ ಹಾಕುತ್ತಾರೆ. ಆ ಜಾಗಕ್ಕೆ ಕ್ರೋಮಿಯಂ ತುಂಬಿದ ಪಾಚಿಯನ್ನೇ ಹಾಕಿದರು. ಪಾಚಿ ಉರಿದು ಹೋಯಿತು, ಅದರ ಮೈಯಲ್ಲಿದ್ದ ಕ್ರೋಮಿಯಂ ಹೊಸ ಹದದ ಪುಡಿಯೊಳಗೆ ಸೇರಿತು. 2004ರಲ್ಲಿ ಈ ಕೆಲಸ ಪ್ರಕಟವಾಯಿತು. ಪೋಹಾಂಗ್‌ನವರು ಹೇಳಿದ, ಪಾಚಿ ಖರ್ಚಾಗುವ ಗುಣ, ಇಲ್ಲಿ ಉಪಯೋಗಕ್ಕೇ ಬಂತು. ಲೋಹ ಹೋಗಬೇಕಾದ ಜಾಗವನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಯೋಚಿಸಿದ ಇಂಥ ಪ್ರಬಂಧಗಳು ವಿರಳ.

ಬೆಲೆಬಾಳುವ ಲೋಹಗಳ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಬಿಸಿನೀರಿನ ಆಮ್ಲೀಯ ಬುಗ್ಗೆಗಳಲ್ಲಿ ಬದುಕುವ ಗಾಲ್ಡಿಯೇರಿಯ ಎಂಬ ಕೆಂಪು ಪಾಚಿ ತೀವ್ರ ಆಮ್ಲೀಯ ತ್ಯಾಜ್ಯದಿಂದ ಚಿನ್ನ ಮತ್ತು ಪಲೇಡಿಯಂ ಅನ್ನೇ ಆರಿಸಿ ಹಿಡಿಯುತ್ತದೆ ಎಂದು ಜಪಾನಿನ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಇ-ತ್ಯಾಜ್ಯ ರಾಶಿ ಬೀಳುವ ಬೆಂಗಳೂರಿನಂಥ ನಗರಕ್ಕೆ ಇದು ಕೈಗೆತ್ತಿಕೊಳ್ಳಬೇಕಾದ ಎಳೆ.

ಕಚ್ಚಾಮಾಲಿನ ಬಗ್ಗೆ ಎರಡು ಮಾತು. 'ಸಮುದ್ರದಲ್ಲಿ ಬೇಕಾದಷ್ಟು ಬಿದ್ದಿದೆ' ಎಂಬ ವಾದವನ್ನು ಎಲ್ಲರೂ ಮುಂದಿಡುತ್ತಾರೆ. ರಾಮೇಶ್ವರ, ಪಾಂಬನ್ ಕಡೆಯ ಮೀನುಗಾರ ಹೆಂಗಸರು ಉಸಿರು ಬಿಗಿಹಿಡಿದು ನೀರಿಗಿಳಿದು, ಬಂಡೆಗಳಿಂದ ಕೈಯಲ್ಲಿ ಕಿತ್ತು ತರುವ ಸರ್ಗಾಸಮ್ ಆಲ್ಜಿನೇಟ್ ಕಾರ್ಖಾನೆಗಳಿಗೆ ಹೋಗುತ್ತದೆ. ಆ ದ್ವೀಪಗಳ ಸುತ್ತ 1986ರಿಂದ ಸಾಗರ ರಾಷ್ಟ್ರೀಯ ಉದ್ಯಾನವಿದೆ, ಅಲ್ಲಿ ಪಾಚಿ ಕೀಳಲು ನಿರ್ಬಂಧವಿದೆ. ಬೆಂಗಳೂರಿನ ಕೊಳೆ ತೊಳೆಯಲು ಆ ಹೆಂಗಸರ ಬೆನ್ನ ಮೇಲೆ, ಮರಿಮೀನುಗಳ ನೆಲೆಯಾದ ಆ ಪಾಚಿತೋಟಗಳ ಮೇಲೆ ಇನ್ನಷ್ಟು ಭಾರ ಹಾಕುವುದು ನ್ಯಾಯವಲ್ಲ. ಆಲ್ಜಿನೇಟ್ ತೆಗೆದ ಮೇಲೆ ಉಳಿಯುವ ಗಸಿ, ದಡಕ್ಕೆ ತಾನಾಗಿ ಬಂದು ಬೀಳುವ ಪಾಚಿ, ಇವುಗಳಿಂದ ಶುರುಮಾಡಬಹುದು. ಅಟ್ಲಾಂಟಿಕ್‌ನಲ್ಲಿ 2011ರಿಂದೀಚೆಗೆ ತೇಲುವ ಸರ್ಗಾಸಮ್ ವಿಪರೀತ ಬೆಳೆಯುತ್ತಿದೆ. 2018ರಲ್ಲಿ ಆಫ್ರಿಕದ ಪಶ್ಚಿಮ ತೀರದಿಂದ ಮೆಕ್ಸಿಕೊ ಖಾರಿಯವರೆಗೆ 8,850 ಕಿಲೋಮೀಟರ್ ಉದ್ದ, ಎರಡು ಕೋಟಿ ಟನ್ನಿಗೂ ಮೀರಿ ಹಬ್ಬಿತ್ತು. ಕೆರಿಬಿಯನ್ ದ್ವೀಪಗಳ ಕಡಲದಂಡೆಗಳಲ್ಲಿ ಕೊಳೆತು ನಾರುವ ಈ ಪಾಚಿಯನ್ನು ಲೋಹ ಹಿಡಿಯಲು ಬಳಸೋಣವೆಂಬ ಪ್ರಸ್ತಾಪವಿದೆ. ಆದರೆ ಸರ್ಗಾಸಮ್ ಸಮುದ್ರದಿಂದಲೇ ಆರ್ಸೆನಿಕ್ ಹೊತ್ತು ತರುತ್ತದೆ. ಹಿಜಿಕಿ ಎಂಬ ತಿನ್ನುವ ಸರ್ಗಾಸಮ್ಮನ್ನು ಬಳಸಬೇಡಿ ಎಂದು ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆ 2004ರಲ್ಲೇ ಸಲಹೆ ಕೊಟ್ಟಿತ್ತು. ಸೀಸ ಹಿಡಿಯಲು ಹೊರಟ ಪಾಚಿ ಆರ್ಸೆನಿಕ್ ಬಿಡುವುದಾದರೆ ಮೊದಲೇ ತೊಳೆದು ಪರೀಕ್ಷಿಸಬೇಕು.

ಇನ್ನು ನಗರದ ಇಡೀ ಕೊಳಚೆಯ ಲೋಹವನ್ನು ಪಾಚಿಯಿಂದ ತೆಗೆಯೋಣವೆಂದರೆ ಆಗದ ಮಾತು. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯ ಗಾತ್ರವೇ ದಿನಕ್ಕೆ 440 ದಶಲಕ್ಷ ಲೀಟರ್. ಅಷ್ಟು ನೀರಿನಲ್ಲಿ ಕರಗಿ ತೆಳುವಾದ ಲೋಹವನ್ನು ಮತ್ತೆ ಆರಿಸುವುದು ಯಾವ ತಂತ್ರಕ್ಕೂ ದುಬಾರಿ. ಅದು ಕೊಳಚೆಗೆ ಸೇರುವ ಮೊದಲೇ, ಪ್ಲೇಟಿಂಗ್ ಘಟಕದ ತೊಳೆಯುವ ತೊಟ್ಟಿಯ ಪಕ್ಕದಲ್ಲೇ, ಒಂದೊಂದು ಲೋಹದ ನೀರೂ ಬೇರೆಬೇರೆಯಾಗಿರುವಾಗಲೇ ಹಿಡಿಯಬೇಕು. ನಿಕ್ಕಲ್ ನೀರು ನಿಕ್ಕಲ್ ನೀರಾಗಿಯೇ ಇದ್ದರೆ ಪಾಚಿಗೂ ಕೆಲಸ ಸುಲಭ, ಬಂದ ನಿಕ್ಕಲ್‌ಗೂ ಗಿರಾಕಿ ಸಿಗುತ್ತಾನೆ.

ಹತ್ತು ಜನ ಕೆಲಸ ಮಾಡುವ ಘಟಕದ ಮಾಲೀಕ ಆಸಿಡ್ ತೊಳೆತ, ದ್ರಾವಣ ಸಂಗ್ರಹ, ಪರೀಕ್ಷೆ ಎಲ್ಲವನ್ನೂ ತಾನೇ ಮಾಡಲಾರ. ಅವನು ಪಾಚಿ ತುಂಬಿದ ಡಬ್ಬಿಯನ್ನು ಕೊಳಾಯಿಗೆ ಜೋಡಿಸಿಕೊಳ್ಳಲಿ, ತುಂಬಿದಾಗ ಒಂದು ಗಾಡಿ ಬಂದು ಅದನ್ನು ಒಯ್ದು ಬೇರೆ ಡಬ್ಬಿ ಇಟ್ಟು ಹೋಗಲಿ, ತೊಳೆಯುವ ಕೆಲಸ ವಸಾಹತಿಗೆ ಒಂದೇ ಕಡೆ ನಡೆಯಲಿ. ಲೋಹ ತುಂಬಿದ ಡಬ್ಬಿಯ ಸಾಗಾಟಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಸಾಗಣೆ ಚೀಟಿ ಬೇಕಾಗುತ್ತದೆ. ಅದೇ ನಿಯಮಗಳ 9ನೇ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಸಂಪನ್ಮೂಲವಾಗಿ ಬಳಸಲು ಪರವಾನಗಿ ಕೊಡುವ ಅವಕಾಶವೂ ಇದೆ. ಆ ಅವಕಾಶವನ್ನು ಬಳಸಿ ಒಂದು ನಿಕ್ಕಲ್ ಸಾಲಿನಲ್ಲಿ, ಒಂದು ಸತುವಿನ ಸಾಲಿನಲ್ಲಿ, ಅಲ್ಲಿನ ಬೋರ್‌ವೆಲ್ ನೀರಿನಲ್ಲೇ ಪೂರ್ತಿ ಒಂದು ವರ್ಷ ಪ್ರಯೋಗ ನಡೆಸಬೇಕು. ಎಷ್ಟು ಸಲ ಆಸಿಡ್ ತೊಳೆದ ಮೇಲೆ ಪಾಚಿ ಕೈಬಿಡುತ್ತದೆ, ಹೊರಬಂದ ನೀರಿನ ಸಿಒಡಿ ಎಷ್ಟು, ವರ್ಷದ ಕೊನೆಗೆ ಎಷ್ಟು ಕಿಲೋ ನಿಕ್ಕಲ್ ಯಾರ ತೊಟ್ಟಿಗೆ ವಾಪಸ್ಸು ಹೋಯಿತು, ಸುಣ್ಣದ ಕೆಸರು ಎಷ್ಟು ಟನ್ ಕಡಿಮೆಯಾಯಿತು ಎಂಬ ಲೆಕ್ಕವನ್ನು ಪೀಣ್ಯದವರೂ ಬೈರಮಂಗಲದವರೂ ಓದುವಂತೆ ಕನ್ನಡದಲ್ಲಿ ಪ್ರಕಟಿಸಬೇಕು.